ದುಭಾಷಿ ಥೊವಾ ನುಂಗಿದ ಮಾತು

ನನ್ನ ಅತ್ತಿಗೆ ಥೊವಾಗೆ ಹೊಟ್ಟೆಕಿಚ್ಚು ಜಾಸ್ತಿ. ನಾನು ಚಾಡಿ ಹೇಳುತ್ತಿಲ್ಲ, ಅವಳೇ ಒಪ್ಪಿಕೊಂಡ ಮಾತು ಇದು. ಮಿಥೊ ಊರಿನ ಹುಡುಗಿಯರ ಶಾಲೆಯಲ್ಲಿ ಅವಳು ಇಂಗ್ಲಿಷ್ ಟೀಚರಾಗಿದ್ದಳು. ಯುದ್ಧ ಮುಗಿದ ಮೇಲೆ ನನ್ನ ಅಣ್ಣನನ್ನು ಹೊಸ ಸರ್ಕಾರದವರು ಕರೆದುಕೊಂಡು ಹೋದರು. ಮೂರು ವರ್ಷ ಕಾದೆವು, ಬರಲಿಲ್ಲ. ಕೊನೆಗೆ ನಾವಿಬ್ಬರೇ, ಅತ್ತಿಗೆ ನಾದಿನಿ, ಮೀನಿನ ದೋಣಿಯೊಂದನ್ನು ಹತ್ತಿ, ನಮ್ಮಂಥ ನಿರಾಶ್ರಿತರ ಶಿಬಿರವಿದ್ದ ಬಿಡೊಂಗ್ ದ್ವೀಪಕ್ಕೆ ಬಂದು ಬಿದ್ದೆವು.

ಅಲ್ಲಿ ಬೆಳಿಗ್ಗೆ ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ಯಾವುದಾದರೂ ದೇಶ ಒಪ್ಪಿಕೊಂಡರೆ ಹೆಸರು ಬರುತ್ತಿತ್ತು; ಹೆಸರು ಬಂದವರು ಗಂಟು ಕಟ್ಟಿಕೊಂಡು ದಕ್ಕೆಗೆ ಹೋಗುತ್ತಿದ್ದರು. ಮೈಕು ಗರಗರ ಅಂದ ಕೂಡಲೇ ನಾವೆಲ್ಲ ಇದ್ದ ಉದ್ದನೆ ಷೆಡ್ಡಿನಲ್ಲಿ ಅಕ್ಕಿ ತೊಳೆಯುವ ಸದ್ದೂ ನಿಂತುಹೋಗುತ್ತಿತ್ತು. ನಮ್ಮ ಹೆಸರು ಬರಲಿಲ್ಲ. ನಾವು ಕೇಳಿಕೊಂಡಿದ್ದ ದೇಶದವರು ಎರಡು ಸಲ ಕೂರಿಸಿ ಮಾತಾಡಿಸಿ, ಎರಡು ಸಲವೂ ಕಾಯಿರಿ ಅಂದಿದ್ದರು. ಇದರ ನಡುವೆ ಅತ್ತಿಗೆಯ ಇಂಗ್ಲಿಷ್ ನೋಡಿ ಅವಳನ್ನೇ ದುಭಾಷಿ ಮಾಡಿಕೊಂಡರು. ದಿನವೂ ಹತ್ತು ಜನರ ಕಥೆಯನ್ನು ಅಧಿಕಾರಿಗೆ ತಿಳಿಸುವುದು, ತಿಂಗಳಾದ ಮೇಲೆ ಆ ಹತ್ತು ಜನ ದೋಣಿ ಹತ್ತುವುದನ್ನು ನೋಡುವುದು. ಇದೇ ಅವಳ ಕೆಲಸವಾಯಿತು.

"ಒಳ್ಳೆ ಇಂಗ್ಲಿಷಲ್ಲಿ ಎಲ್ಲರನ್ನೂ ಸಾಗಹಾಕಿ, ನಾನೊಬ್ಬಳು ಇಲ್ಲೇ ತೆಂಗಿನಮರ ಕಾಯ್ತೀನಿ ಬಿಡು" ಅನ್ನುತ್ತಿದ್ದಳು.

ನಾವು ಬಂದು ಒಂದು ವರ್ಷವಾದ ಮೇಲೆ ನಾವು ಮಲಗುತ್ತಿದ್ದ ಬಿದಿರಿನ ಅಟ್ಟಣೆಯ ಪಕ್ಕದ ಅಟ್ಟಣೆಗೆ ಸೆನ್ ಬಂದಳು. ರಾಕ್‌ಜಾ ಊರಿನ ದಕ್ಕೆಯಲ್ಲಿ ಅಕ್ಕಿ ಶಾವಿಗೆ ಸಾರು ಮಾರುತ್ತಿದ್ದ ಹೆಂಗಸು. ಗಂಡ ಸಮುದ್ರದಲ್ಲೇ ಹೋಗಿದ್ದ. ಜೊತೆಗೆ ಎರಡು ಹೆಣ್ಣುಮಕ್ಕಳು. ಆದರೂ ನಕ್ಕರೆ ಷೆಡ್ಡಿನ ಆ ತುದಿಗೆ ಕೇಳಿಸುವ ಹಾಗೆ ನಗುತ್ತಿದ್ದಳು. ರೇಷನ್ನಿನ ಡಬ್ಬಿ ಮೀನಿಗೆ ಅದೇನು ಹಾಕುತ್ತಿದ್ದಳೋ, ಜನ ಬಟ್ಟಲು ಹಿಡಿದುಕೊಂಡು ಬರುತ್ತಿದ್ದರು. ನೀರಿನ ಸಾಲಿನಲ್ಲಿ ಅವಳಿಗೆ ಜಾಗ ಬಿಡುತ್ತಿದ್ದರು. ಗಂಡನ ತಮ್ಮ ಯಾವುದೋ ಬ್ರೆಡ್ಡಿನ ಕಾರ್ಖಾನೆಯಲ್ಲಿದ್ದನಂತೆ, ಅದೂ ನಾವು ಹೋಗಬೇಕೆಂದಿದ್ದ ದೇಶದಲ್ಲೇ. ಅವನಿಂದ ಕಾಗದ ಬರುತ್ತಿತ್ತು. ನಮಗೆ ಒಂದೂ ಬರುತ್ತಿರಲಿಲ್ಲ.

"ಅವಳ ನಗು ಕೇಳಿದ್ರೆ ನನಗೆ ತಲೆನೋವು ಬರುತ್ತೆ" ಅಂದಳು ಅತ್ತಿಗೆ ಒಂದು ದಿನ.

"ನಗೋದಕ್ಕೂ ನಿನ್ನ ಅಪ್ಪಣೆ ಬೇಕೇನು?" ಅಂದೆ.

"ಗಂಡ ಸತ್ತು ಆರು ತಿಂಗಳಾಗಿಲ್ಲ. ನನ್ನ ಗಂಡ ಇದಾನೋ ಇಲ್ಲವೋ ಅನ್ನೋದೂ ನನಗೆ ಗೊತ್ತಿಲ್ಲ. ಅವಳಿಗೆ ಅಷ್ಟಾದರೂ ಗೊತ್ತು." ಅದನ್ನೂ ಅವಳು ಹೊಟ್ಟೆಕಿಚ್ಚಿನಿಂದಲೇ ಹೇಳಿದಳು.

ಸೆನ್ ಬಂದ ನಾಲ್ಕನೇ ತಿಂಗಳಿಗೆ ಅವಳಿಗೆ ಕರೆ ಬಂತು. ದುಭಾಷಿ ಅತ್ತಿಗೆಯೇ. ಒಳಗೆ ನಡೆದದ್ದನ್ನು ಅತ್ತಿಗೆ ನನಗೆ ಹೇಳಿದ್ದು ಬಹಳ ದಿನದ ಮೇಲೆ. "ನಮ್ಮ ದೇಶದಲ್ಲಿ ನಿನ್ನವರು ಯಾರಾದರೂ ಇದ್ದಾರಾ?" ಎಂದು ಅಧಿಕಾರಿ ಕೇಳಿದ. ಸೆನ್ ಮೈದುನನ ಹೆಸರು, ಊರು, ಕಾರ್ಖಾನೆ ಎಲ್ಲ ಪಟಪಟ ಹೇಳಿ, ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಚೀಲ ಮುಟ್ಟಿ, "ಕಾಗದ ತೋರಿಸಲಾ ಟೀಚರಕ್ಕ?" ಅಂದಳು.

"ಬೇಡ, ಕೇಳಿದಾಗ ಕೊಡು" ಅಂದ ಅತ್ತಿಗೆ, ಅಧಿಕಾರಿಯ ಕಡೆ ತಿರುಗಿ, "ಗಂಡನ ಕಡೆಯವರು ಯಾರೋ ಇರಬಹುದಂತೆ, ಇವಳಿಗೆ ಖಚಿತವಾಗಿ ಗೊತ್ತಿಲ್ಲವಂತೆ" ಅಂದುಬಿಟ್ಟಳು.

ಅಷ್ಟೇ. ಅಧಿಕಾರಿ ಸೆನ್‌ಳ ಫೈಲನ್ನು ಕಾಯಬೇಕಾದವರ ಕಡೆ ಇಟ್ಟ. ಸೆನ್ ಹೊರಗೆ ಬಂದವಳೇ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡು, "ನೀವಿಲ್ಲದಿದ್ರೆ ನಾನು ಮೂಗಿ ಕಣಕ್ಕ" ಅಂದಳು. ಮಧ್ಯಾಹ್ನ ಹೆಸರುಬೇಳೆಯ ಸಿಹಿಗಂಜಿ ಕಾಯಿಸಿ ಕಳಿಸಿದಳು. ಅತ್ತಿಗೆ ಅದನ್ನು ಮುಟ್ಟಲಿಲ್ಲ, ನಾನೇ ತಿಂದೆ.

ಮುಂದಿನ ತಿಂಗಳ ಪಟ್ಟಿಯಲ್ಲಿ ಸೆನ್ ಹೆಸರಿರಲಿಲ್ಲ. ಅವಳ ಮಕ್ಕಳು ಆಗಲೇ ಗಂಟು ಕಟ್ಟಿಟ್ಟಿದ್ದರು. ಅವಳೇ ಕೂತು ಬಿಚ್ಚಿದಳು. ಅವತ್ತು ಊಟಕ್ಕೆ ಕೂತಾಗ ಅತ್ತಿಗೆ ಎರಡು ಬಟ್ಟಲು ಅನ್ನ ಉಂಡಳು, ಮೇಲೆ ಮೀನಿನ ರಸ ಹಾಕಿಸಿಕೊಂಡಳು. ಇಷ್ಟು ಹಸಿವು ಎಲ್ಲಿಂದ ಬಂತೋ ಅಂತ ನನಗೆ ಆಶ್ಚರ್ಯ.

ಮರುದಿನ ಸೆನ್ ಅಳುತ್ತಾ ಬರಲಿಲ್ಲ. ಸ್ಲೇಟು ಹಿಡಿದುಕೊಂಡು ಬಂದಳು.

"ಟೀಚರಕ್ಕ, ತಪ್ಪು ನಂದೇ ಇರಬೇಕು. ನಾನು ಹೇಳಿದ ರೀತಿ ಸರಿಯಿರಲಿಲ್ಲ ಅನ್ಸುತ್ತೆ. ನಂಗೂ ಇಂಗ್ಲಿಷ್ ಕಲಿಸಿ. ಮುಂದಿನ ಸಲ ನಾನೇ ಹೇಳ್ತೀನಿ, ನಿಮಗೆ ಯಾಕೆ ಕಷ್ಟ?"

ಬೇಡ ಅನ್ನಲು ಅತ್ತಿಗೆಗೆ ಕಾರಣ ಸಿಗಲಿಲ್ಲ. ಸಂಜೆ ದೊಡ್ಡ ಬಂಡೆಯ ನೆರಳಲ್ಲಿ ಪಾಠ. ಸೆನ್ ಒಂದೊಂದು ಪದವನ್ನೂ ಮೀನು ಕೂಗಿ ಮಾರುವ ಧಾಟಿಯಲ್ಲಿ ಹೇಳುತ್ತಿದ್ದಳು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಆರನೇ ದಿನ ಅವಳು ಕೇಳಿದಳು:

"ನನ್ನ ಮೈದುನ ಅಲ್ಲಿದ್ದಾನೆ ಅನ್ನೋದಕ್ಕೆ ಅವತ್ತು ನೀವು ಅವರಿಗೆ ಏನು ಹೇಳಿದ್ರಿ? ಅದೇ ಮಾತು ಹೇಳಿಕೊಡಿ, ನಾನು ಬಾಯಿಪಾಠ ಮಾಡ್ತೀನಿ."

ಅತ್ತಿಗೆ ಸ್ಲೇಟನ್ನು ನೆಲಕ್ಕಿಟ್ಟು ಹೇಳಿದಳು: "ನಾನು ಹಾಗೆ ಹೇಳಲಿಲ್ಲ. ನಿನಗೆ ಖಚಿತ ಇಲ್ಲ ಅಂತ ಹೇಳಿದೆ."

"ಯಾಕೆ? ನಾನು ಖಚಿತವಾಗೇ ಹೇಳಿದ್ನಲ್ಲ."

"ಬೇಕಂತಲೇ. ನಾನು ಬಂದು ಒಂದೂವರೆ ವರ್ಷ ಆಗ್ತಾ ಬಂತು. ನೀನು ನಿನ್ನೆ ಮೊನ್ನೆ ಬಂದವಳು. ನೀನು ಮೊದಲು ಹೋಗೋದು ನನ್ನ ಕೈಲಿ ನೋಡೋಕಾಗಲಿಲ್ಲ."

ಸೆನ್ ಕೂಗಾಡುತ್ತಾಳೆ, ಜುಟ್ಟು ಹಿಡಿಯುತ್ತಾಳೆ ಅಂತ ನಾನು ಎದ್ದು ನಿಂತೆ. ಅವಳು ಮಕ್ಕಳಿಬ್ಬರ ಕೈ ಹಿಡಿದುಕೊಂಡು, "ನಡೀರೇ, ನೀರಿನ ಹೊತ್ತಾಯ್ತು" ಅಂದು ಹೊರಟಳು. ಎರಡು ಹೆಜ್ಜೆ ಹೋಗಿ ತಿರುಗಿ, "ನಿಮ್ಮ ಗಂಡ ಬದುಕಿ ಬರಲಿ ಅಂತ ದಿನಾ ನನ್ನ ಊದುಬತ್ತಿಯಲ್ಲಿ ಒಂದನ್ನ ನಿಮ್ಮ ಹೆಸರಲ್ಲಿ ಹಚ್ತಿದ್ದೆ ಅಕ್ಕ" ಅಂದಳು. ಅತ್ತಿಗೆಗೆ ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

ಬೆಳಿಗ್ಗೆ ಅತ್ತಿಗೆ ತಾನಾಗಿಯೇ ಅಧಿಕಾರಿಯ ಹತ್ತಿರ ಹೋಗಿ ಎಲ್ಲ ಹೇಳಿದಳು. ದುಭಾಷಿ ಕೆಲಸ ಅಲ್ಲಿಗೇ ಹೋಯಿತು. ಆ ದೇಶದ ಬಾಗಿಲೂ ನಮಗೆ ಮುಚ್ಚಿತು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಹದಿನೈದು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ಕಿಚ್ಚು ಅವಳದು, ಸುಟ್ಟುಕೊಂಡವರು ಇಬ್ಬರೂ.

ಸೆನ್‌ಳನ್ನು ಮತ್ತೆ ಕರೆದರು. ಐದು ವಾರಕ್ಕೆ ಅವಳ ಹೆಸರು ಮೈಕಿನಲ್ಲಿ ಬಂತು. ದಕ್ಕೆಯಲ್ಲಿ ಷೆಡ್ಡಿನವರೆಲ್ಲ ಸೇರಿದ್ದರು. ಸೆನ್ ಎಲ್ಲರನ್ನೂ ತಬ್ಬಿಕೊಂಡಳು, ಅತ್ತಿಗೆಯನ್ನು ದಾಟಿ ಹೋದಳು. ದೋಣಿ ದೂರವಾದ ಮೇಲೆ, "ಈಗಲಾದರೂ ಮನಸ್ಸು ಹಗುರಾಯ್ತಾ?" ಅಂತ ಕೇಳಿದೆ.

"ಇಲ್ಲ ಕಣೇ" ಅಂದಳು ಅತ್ತಿಗೆ. "ಈಗಲೂ ಹೊಟ್ಟೆ ಉರೀತಿದೆ."

ಇನ್ನೂ ಹದಿನಾಲ್ಕು ತಿಂಗಳ ಮೇಲೆ ಒಂದು ಚಳಿದೇಶ ನಮ್ಮನ್ನು ಕರೆಯಿತು. ಇಬ್ಬರೂ ಮೀನು ಕತ್ತರಿಸುವ ಕಾರ್ಖಾನೆಗೆ ಸೇರಿದೆವು. ಅಣ್ಣ ಬದುಕಿದ್ದ, ಏಳು ವರ್ಷದ ಮೇಲೆ ಅಲ್ಲಿಗೇ ಬಂದ, ಹಲ್ಲೆಲ್ಲ ಉದುರಿಸಿಕೊಂಡು. ಅತ್ತಿಗೆ ಆಮೇಲೆ ಯಾರಿಗೂ ದುಭಾಷಿಯಾಗಲಿಲ್ಲ. ನಮ್ಮವರು ಆಸ್ಪತ್ರೆಗೆ ಕರೆದರೂ ನನ್ನನ್ನೇ ಕಳಿಸುತ್ತಿದ್ದಳು.

ಹೋದ ಹೊಸ ವರ್ಷಕ್ಕೆ ಬಂದ ನೆಂಟರೊಬ್ಬರು ಸೆನ್ ಸುದ್ದಿ ತಂದರು. ಶಾವಿಗೆ ಸಾರಿನ ಅಂಗಡಿ ಇಟ್ಟಿದ್ದಾಳಂತೆ, ಎಂಟು ಮೇಜಿನದು, ಬಾಗಿಲಾಚೆಯವರೆಗೆ ಜನ ನಿಲ್ಲುತ್ತಾರಂತೆ. ಅತ್ತಿಗೆ ಕೊತ್ತಂಬರಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಿದಳು.

"ಎಂಟಾ?" ಅಂದಳು. "ಸರಿಯಾಗಿ ಎಣಿಸಿದ್ರಾ ನೀವು?"