ಒಂಬತ್ತನೆಯ ಬಿರಡೆ

ನಾನು ಹುಟ್ಟಾ ಸಂಶಯದ ಮನುಷ್ಯ. ನಮ್ಮ ತ್ಸುಕುಬಾದಲ್ಲಿ ಬೀಗ ಹಾಕದೆ ಬಿಟ್ಟ ಸೈಕಲ್ಲು ಸಂಜೆಯವರೆಗೂ ಅಲ್ಲೇ ಇದ್ದರೆ ಉಳಿದವರು ಜಪಾನನ್ನು ಕೊಂಡಾಡುತ್ತಾರೆ. ನಾನು, ಇದರಲ್ಲಿ ಏನೋ ಕೆಟ್ಟಿರಬೇಕೆಂದು ಬ್ರೇಕು ಒತ್ತಿ ನೋಡುತ್ತೇನೆ.

ಇಂಥವನ ಪಕ್ಕದ ಮನೆಗೆ ವಿಧಿ ತಂದಿಟ್ಟದ್ದು ಮೊರಿ-ಸಾನ್ ಅವರನ್ನು. ನಿವೃತ್ತ ಎಂಜಿನಿಯರು. ಏಳುನೂರು ವರ್ಷಗಳಿಗೂ ಹಿಂದೆ ಸ್ಪೇನಿನ ರಾಜನೊಬ್ಬ ಮೇರಿಮಾತೆಯ ಮಹಿಮೆಯ ಹಾಡುಗಳನ್ನು ಕೂಡಿಸಿ, ಹಸ್ತಪ್ರತಿಯಲ್ಲಿ ವಾದ್ಯಗಾರರ ಚಿತ್ರಗಳನ್ನೂ ಬರೆಸಿದನಂತೆ. ವಾದ್ಯಗಳು ಹೋದವು, ಚಿತ್ರಗಳು ಉಳಿದವು. ಮೊರಿ-ಸಾನ್ ಆ ಚಿತ್ರಗಳ ಅಚ್ಚಿನ ಮೇಲೆ ಅಳತೆಪಟ್ಟಿ ಇಟ್ಟು ವಾದ್ಯ ಮಾಡುತ್ತಾರೆ. ಚಿತ್ರ ನೋಡಿ ಹೋಳಿಗೆ ಮಾಡಬಹುದು, ನಿಜ. ರುಚಿಗೆ ಹೊಣೆ ಯಾರು?

ಅವರು ಮಾಡಿದ ಒಂದು ತಂತಿವಾದ್ಯಕ್ಕೆ ತಂತಿ ಬಿಗಿಯುವ ಬಿರಡೆ ಒಂಬತ್ತು, ತಂತಿ ಎಂಟು. ಒಂಬತ್ತನೆಯ ಬಿರಡೆ ಕೆಲಸವಿಲ್ಲದ ಅಧಿಕಾರಿಯಂತೆ ಸುಮ್ಮನೆ ಕೂತಿತ್ತು. ಕೇಳಿದೆ. "ಚಿತ್ರದಲ್ಲಿ ಹಾಗಿದೆ" ಎಂದರು. ಚಿತ್ರಕಾರ ತೂಕಡಿಸಿರಬಹುದಲ್ಲ ಎಂದೆ. ಇರಬಹುದು ಎಂದು ಬಾಗಿ ನಮಿಸಿದರು. ಬಿರಡೆ ಮಾತ್ರ ಅಲ್ಲಾಡಲಿಲ್ಲ.

ಪ್ರತಿ ಶನಿವಾರ ಸಮುದಾಯ ಭವನದಲ್ಲಿ ಅವರ ಗುಂಪು ಸೇರುತ್ತದೆ. ಒಬ್ಬ ದಂತವೈದ್ಯರು, ಇಬ್ಬರು ಗೃಹಿಣಿಯರು, ಒಬ್ಬ ಬೌದ್ಧ ಪುರೋಹಿತರು ಒಂದಾಗಿ ಮೇರಿಮಾತೆಯನ್ನು ಸ್ತುತಿಸುತ್ತಾರೆ. ಹದಿನಾಲ್ಕರ ನನ್ನ ಮಗಳು ಅನಘಾ ಕೂಡ. ದೇವರನಾಮ ಹೇಳಮ್ಮ ಎಂದರೆ ಗಂಟಲು ನೋವು ಬರುವ ಹುಡುಗಿ ಅಲ್ಲಿ ಹಳೆಯ ಸ್ಪೇನಿನ ಭಾಷೆಯಲ್ಲಿ ಹಾಡುತ್ತಾಳೆ. ಇದೂ ನನ್ನ ಸಂಶಯದ ಪಟ್ಟಿಯಲ್ಲಿದೆ.

ಹಾಡಿನ ಹಿಂದೆ ಎಡೆಬಿಡದ ಶ್ರುತಿ ಬೇಕು. ಅದಕ್ಕೆಂದು ಚಕ್ರ ತಿರುಗಿಸಿ ತಂತಿ ಉಜ್ಜುವ ವಾದ್ಯವೊಂದು ತಯಾರಾಗುತ್ತಿತ್ತು, ಮುಗಿದಿರಲಿಲ್ಲ. ನಮ್ಮ ಮನೆಯಲ್ಲೊಂದು ಶ್ರುತಿಪೆಟ್ಟಿಗೆ ಇದೆಯೆಂದು ಮಗಳು ಗುಟ್ಟು ಬಿಟ್ಟುಕೊಟ್ಟಳು. ಅಲ್ಲಿಯವರೆಗೆ ಅದನ್ನು ಎರವಲು ಕೊಡುವಿರಾ ಎಂದು ಮೊರಿ-ಸಾನ್ ಕೇಳಿದರು.

ಅದು ನನ್ನ ಅಮ್ಮನದು. ತಿದಿಯ ಮಡಿಕೆಯಲ್ಲಿ ಒಂದು ಸಣ್ಣ ಬಿರುಕು. ಪ್ರತಿ ಸಲ ತಿದಿ ತೆರೆದಾಗ ಒಂದು ಏದುಸಿರು. ಅಮ್ಮ ಆ ಏದುಸಿರಿನ ಜೊತೆಗೇ ತಾನೂ ಉಸಿರು ತೆಗೆದುಕೊಂಡು ಮುಂದಿನ ಸಾಲು ಹಿಡಿಯುತ್ತಿದ್ದಳು. ಅವಳ ದನಿಯನ್ನು ಯಾರೂ ಮುದ್ರಿಸಿಕೊಳ್ಳಲಿಲ್ಲ. ಅವಳದೆಂದು ಕೇಳಿಸುವುದು ಈಗ ಆ ಉಸಿರೊಂದೇ. ಕೆಟ್ಟದ್ದನ್ನು ಕಂಡರೆ ಕೈ ಕಟ್ಟಿ ಕೂರಲಾರದ ಎಂಜಿನಿಯರಿಗೆ ಅದನ್ನು ಒಪ್ಪಿಸುವುದೆಂದರೆ?

"ರಿಪೇರಿ ಮಾಡಿಬಿಡ್ತಾರೆ ಕಣೇ" ಎಂದೆ.

"ಒಳ್ಳೇದೇ ಆಯ್ತಲ್ರೀ, ಪುಕ್ಕಟೆ" ಎಂದಳು ಹೆಂಡತಿ ಸುಮಿತ್ರಾ. ಆಮೇಲೆ ನನ್ನ ಮುಖ ನೋಡಿ, ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿದಳು. ಅನಘಾ ಅದರ ಮೇಲೆ ಜಪಾನಿಯಲ್ಲಿ ಬರೆದದ್ದು: ದಯವಿಟ್ಟು ವಾಸಿ ಮಾಡಬೇಡಿ.

ಆರು ಶನಿವಾರ ನಾನೂ ಪಹರೆಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತೆ. ಪೆಟ್ಟಿಗೆ ಏದುಸಿರು ಬಿಡುತ್ತಲೇ ಇತ್ತು. ಏಳನೆಯ ವಾರ ಚಕ್ರವಾದ್ಯ ಸಿದ್ಧವಾಗಿ ಬಂತು. ಪೆಟ್ಟಿಗೆ ಚೀಟಿ ಸಮೇತ ನನ್ನ ಮಡಿಲಿಗೆ ಮರಳಿತು. ತಿದಿ ತೆರೆದು ನೋಡಿದೆ. ಅಮ್ಮ ಉಸಿರಾಡಿದಳು.

ಅತ್ತ ಹೊಸ ವಾದ್ಯದ ಶ್ರುತಿ ನುಣ್ಣಗೆ ಹರಿಯಿತು. ಆದರೆ ಅರ್ಧ ಹಾಡಿಗೇ ಪುರೋಹಿತರ ಮುಖ ಕೆಂಪೇರಿತು, ದಂತವೈದ್ಯರು ಕೆಮ್ಮಿದರು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಒಬ್ಬರಿಗೂ ತಿಳಿಯಲಿಲ್ಲ. ಅನಘಾ ಹಿಂದಿರುಗಿ ನನ್ನ ಮಡಿಲಿನತ್ತ ನೋಡಿದಳು. "ಅಪ್ಪಾ, ಅಜ್ಜಿ ಬ್ರೆತ್ ಇಲ್ಲ" ಎಂದಳು. ಅಜ್ಜಿಯನ್ನು ಅವಳು ನೋಡಿದ್ದು ಫೋಟೊದಲ್ಲಿ ಮಾತ್ರ.

ಮೊರಿ-ಸಾನ್ ವಾದ್ಯವನ್ನು ಮನೆಗೊಯ್ದರು. ಮುಂದಿನ ವಾರ ಬಂದಾಗ ಚಕ್ರದ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಮೆಲ್ಲಗೆ ತಿರುಗುವ ಚಕ್ರದ ಸುತ್ತಿಗೊಮ್ಮೆ ಶ್ರುತಿ ಕ್ಷಣಮಾತ್ರ ಏದುತ್ತಿತ್ತು. ಆರೂ ಜನ ಒಟ್ಟಿಗೆ ಉಸಿರೆಳೆದು ಮುಂದಿನ ಸಾಲು ಹಿಡಿದರು.

"ಇದು ಚಿತ್ರದಲ್ಲಿದೆಯೆ?" ಎಂದು ಕೇಳದಿರಲು ನನ್ನಿಂದ ಆಗಲಿಲ್ಲ.

"ಇಲ್ಲ. ಆದರೆ ಚಿತ್ರದಲ್ಲಿ ಉಸಿರು ಕೇಳಿಸುವುದಿಲ್ಲವಲ್ಲ" ಎಂದರು ಮೊರಿ-ಸಾನ್.

ಮುಂದೊಂದು ಕಾಲಕ್ಕೆ ಯಾರಾದರೂ ವಿದ್ವಾಂಸರು ಆ ಕಚ್ಚನ್ನು ಅಳೆದು, ಸ್ಪೇನಿನ ಅರಮನೆಯ ವಾದ್ಯಗಳಿಗೆ ಉಬ್ಬಸವಿತ್ತೆಂದು ಬರೆಯಬಹುದು. ಅವರು ವಿಚಾರಣೆಗೆ ಕರೆದರೆ ನನಗೇನೂ ಗೊತ್ತಿಲ್ಲ. ಆದರೆ ಆ ಹಳೆಯ ಚಿತ್ರಕಾರನ ಮೇಲಿದ್ದ ಸಂಶಯವನ್ನು ನಾನು ವಿಧಿವತ್ತಾಗಿ ಹಿಂತೆಗೆದುಕೊಂಡಿದ್ದೇನೆ. ಅವನು ತೂಕಡಿಸಿರಲಾರ. ಒಂಬತ್ತನೆಯ ಬಿರಡೆ ಯಾರ ಅಮ್ಮನದೋ, ಅಷ್ಟೇ ಈಗ ತಿಳಿಯಬೇಕಾಗಿರುವುದು.