ಕಾರ್ಬುರೇಟರ್ ಅಬ್ಬಾಸ್ ಹೇಳಿದ ಸೈಜು

ಅಲ್ ಕೂಝ್‌ನ ಗ್ಯಾರೇಜು ಸಾಲಿನಲ್ಲಿ ಬರೀ ಅಬ್ಬಾಸ್ ಎಂದು ಕೇಳಿದರೆ ಯಾವ ಅಬ್ಬಾಸ್ ಎನ್ನುತ್ತಿದ್ದರು. ಕಾರ್ಬುರೇಟರ್ ಅಬ್ಬಾಸ್ ಎಂದರೆ ಮಾತ್ರ ಚಹಾದಂಗಡಿಯ ಮಲಬಾರಿಯೂ ಸೀದಾ ಕೈ ತೋರಿಸುತ್ತಿದ್ದ. ಬಂಟ್ವಾಳದಲ್ಲಿ ಲಾರಿ ಬಿಚ್ಚಿ ಕಲಿತವನು ದುಬೈಗೆ ಬಂದು, ಹಳೆಯ ಅಮೆರಿಕನ್ ಗಾಡಿಗಳ ಉಸಿರು ಸರಿಮಾಡುತ್ತಲೇ ತಲೆ ನರೆಸಿಕೊಂಡಿದ್ದ. ಗಾಡಿ ಗೇಟಿನ ಹತ್ತಿರ ಬರುವಾಗಲೇ ಶಬ್ದ ಕೇಳಿ, ಪೆಟ್ರೋಲು ಹೆಚ್ಚಾಯಿತೋ ಗಾಳಿ ಹೆಚ್ಚಾಯಿತೋ ಹೇಳಿಬಿಡುತ್ತಿದ್ದ. ಆ ಹೆಸರೊಂದೇ ಅವನು ಸಂಪಾದಿಸಿದ ಆಸ್ತಿ.

ಆದರೆ ಕಾಲ ಯಾರ ಮಾತು ಕೇಳುತ್ತದೆ ಹೇಳಿ! ಎರಡು ಸಾವಿರದ ಇಸವಿ ಬರುವಷ್ಟರಲ್ಲಿ ಕಾರ್ಬುರೇಟರ್ ಗಾಡಿಗಳು ಗುಜರಿಗೆ ಹೋದವು. ಈಗ ಕಂಪ್ಯೂಟರ್ ಹಚ್ಚಿ ರೋಗ ಕಂಡುಹಿಡಿಯುವ ಗಾಡಿಗಳು. ಆ ಕಂಪ್ಯೂಟರ್ ಇದ್ದದ್ದು ಅದೇ ರಸ್ತೆಯ ಆ ತುದಿಯ ಗ್ಯಾರೇಜಿನಲ್ಲಿ. ಗ್ಯಾರೇಜು ಯಾರದು? ತೌಫೀಕನದು. ತೌಫೀಕ್ ಯಾರು? ಅಬ್ಬಾಸನ ತಂಗಿ ನಾಫಿಯಾಳ ಗಂಡ. ಅವನಿಗೆ ವೀಸಾ ಮಾಡಿಸಿ ತಂದವನು, ಸ್ಪ್ಯಾನರ್ ಹಿಡಿಯಲು ಕಲಿಸಿದವನು, ತಂಗಿಯನ್ನು ಕೊಟ್ಟವನು, ಮೂವರೂ ಒಬ್ಬನೇ, ಅಬ್ಬಾಸ್. ಈಗ ನೋಡಿದರೆ ಆ ತುದಿಯಲ್ಲಿ ಗಾಡಿಗಳ ಸಾಲು, ಈ ತುದಿಯಲ್ಲಿ ನೊಣ ಹೊಡೆಯುವ ಕೆಲಸ. ಅಬ್ಬಾಸನ ಹೊಟ್ಟೆಯಲ್ಲಿ ಕಿಚ್ಚು ಹತ್ತದೆ ಇರುತ್ತದೆಯೇ?

ಹತ್ತಿದ ಕಿಚ್ಚನ್ನು ತೋರಿಸುವಂತೆಯೂ ಇಲ್ಲ, ಅದು ದೊಡ್ಡ ಕಷ್ಟ. ತಂಗಿಯ ಗಂಡನೆಂದರೆ ಬ್ಯಾರಿಗಳ ಮನೆಯಲ್ಲಿ ಪುದಿಯಾಪ್ಲ, ಎಷ್ಟು ವರ್ಷವಾದರೂ ಮದುಮಗನೇ. ಶುಕ್ರವಾರ ಜುಮಾ ಮುಗಿಸಿ ಅವನು ಊಟಕ್ಕೆ ಬಂದರೆ ಮನೆಯ ಯಜಮಾನ ಎದ್ದುನಿಂತು, ಬಿರಿಯಾನಿಯ ಒಳ್ಳೆಯ ತುಂಡನ್ನು ಹುಡುಕಿ ತನ್ನ ಕೈಯಾರೆ ಬಡಿಸಬೇಕು. ಒಂದು ಬಿರುಸು ಮಾತು ಆಡಬಾರದು. ತೌಫೀಕನ ಗ್ಯಾರೇಜು ಶುರುವಾದಂದಿನಿಂದ ಅಬ್ಬಾಸನಿಗೆ ಬಡಿಸಲು ಕೈ ಏಳುತ್ತಿರಲಿಲ್ಲ. "ಬೆನ್ನು ನೋವು" ಎಂದು ಹೆಂಡತಿ ಬೀಫಾತಿಮಳ ಕೈಗೆ ಸೌಟು ಕೊಟ್ಟುಬಿಡುತ್ತಿದ್ದ. ಅವಳಿಗೆ ಗಂಡನ ಬೆನ್ನಿನ ನೋವು ಎಲ್ಲಿಯದೆಂದು ಚೆನ್ನಾಗಿ ಗೊತ್ತಿತ್ತು.

ಅಬ್ಬಾಸನಿಗೆ ಉಳಿದಿದ್ದ ಒಂದೇ ಸಮಾಧಾನ, ಅಬೂ ಸೈಫರ ಕಮಾರೊ ಕಾರು. ಅರವತ್ತೊಂಬತ್ತರ ಮಾಡೆಲು, ಮುನ್ನೂರೈವತ್ತರ ಎಂಜಿನ್ನು, ಕಪ್ಪು ಬಣ್ಣ. ಪ್ರತಿ ಚಳಿಗಾಲದ ಮೊದಲು ಆ ಅರಬ್ಬಿ ಯಜಮಾನರು ಅಬುಧಾಬಿಯಿಂದ ಅದನ್ನು ಓಡಿಸಿಕೊಂಡು ಬಂದು, "ಯಾ ಅಬ್ಬಾಸ್, ನಿನ್ನ ಮಗಳು ಬಂದಿದ್ದಾಳೆ ನೋಡು" ಎಂದು ಬೀಗದ ಕೈ ಎಸೆಯುತ್ತಿದ್ದರು. ಆ ವರ್ಷವೂ ಕಾದ. ಗಾಡಿ ಬಂತು, ಆದರೆ ಅವನ ಗೇಟು ದಾಟಿಕೊಂಡು ಸೀದಾ ಆ ತುದಿಗೆ ಹೋಗಿ ನಿಂತಿತು.

"ಗುರುವಿಗೇ ತಿರುಮಂತ್ರ!" ಅಬ್ಬಾಸ್ ಕೈಯಲ್ಲಿದ್ದ ಸ್ಪ್ಯಾನರನ್ನು ಡಬ್ಬಕ್ಕೆ ಎಸೆದ. ಎಲ್ಲ ಹೋಗಲಿ, ಇದೊಂದನ್ನಾದರೂ ಬಿಡಬಾರದಿತ್ತೇ ಅವನು?

ಆ ಶುಕ್ರವಾರ ಅಲ್ ನಹ್ದಾದ ಅಬ್ಬಾಸನ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತ ತೌಫೀಕನೇ ಮಾತು ತೆಗೆದ.

"ಅಬ್ಬಾಸಾಕ, ಅಬೂ ಸೈಫರು ಜೀಪಿನ ಕೆಲಸಕ್ಕೆ ಬಂದವರು ಕಮಾರೊವನ್ನೂ ಬಿಟ್ಟು ಹೋದರು. ಬೇಡ ಅಂತ ಹೇಗೆ ಹೇಳುವುದು? ಹಳೆ ಕಾರ್ಬುರೇಟರ್ ಸವೆದು ಹೋಗಿದೆ, ಹೊಸದು ಹಾಕ್ಬೇಕು. ಅವರಿಗೆ ದೊಡ್ಡದೇ ಆಗ್ಬೇಕಂತೆ, ಎಂಟುನೂರೈವತ್ತು. ನನಗೆ ಇದೆಲ್ಲ ತಲೆಗೆ ಹತ್ತುವುದಿಲ್ಲ. ನೀವೇ ಹೇಳಿ, ಯಾವ ಸೈಜ್?"

ಅಬ್ಬಾಸನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆರುನೂರು. ಎಂಜಿನ್ನು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೋ ಅಷ್ಟಕ್ಕೆ ತಕ್ಕ ಕಾರ್ಬುರೇಟರ್ ಇರಬೇಕು. ಆ ಎಂಜಿನ್ನು ಎಷ್ಟು ಕೂಗಿಕೊಂಡರೂ ಆರುನೂರನ್ನು ದಾಟುವುದಿಲ್ಲ, ಅದರಲ್ಲೂ ಆಟೋಮ್ಯಾಟಿಕ್ ಗೇರು. ಎಂಟುನೂರೈವತ್ತು ಹಾಕಿದರೆ, ಎಳನೀರಿಗೆ ತೋಟದ ಪೈಪು ಹಾಕಿ ಹೀರಿದ ಹಾಗೆ. ಗಾಳಿಗೆ ವೇಗ ಬರುವುದಿಲ್ಲ, ಪೆಟ್ರೋಲು ಸರಿಯಾಗಿ ಏಳುವುದಿಲ್ಲ, ಕಾಲು ಒತ್ತಿದ ತಕ್ಷಣ ಗಾಡಿ ಮುಗ್ಗರಿಸುತ್ತದೆ.

ತೌಫೀಕನ ತಟ್ಟೆಯಲ್ಲಿ ಒಳ್ಳೆಯ ತುಂಡು. ತೌಫೀಕನ ಅಂಗಳದಲ್ಲಿ ಕಮಾರೊ.

"ಯಜಮಾನರು ಕೇಳಿದ್ದನ್ನೇ ಹಾಕು ಮಾರಾಯ," ಎಂದ ಅಬ್ಬಾಸ್. "ಎಂಟುನೂರೈವತ್ತು. ದೊಡ್ಡ ಗಾಡಿಗೆ ದೊಡ್ಡದೇ ಚಂದ."

ಅಲ್ಲಾಹನೇ, ಎಂಥ ಬಾಯಿ! ಬೀಫಾತಿಮ ಗಂಡನ ಮುಖವನ್ನೊಮ್ಮೆ ನೋಡಿದಳು. ತೌಫೀಕ್ ತಲೆಯಾಡಿಸಿ ಊಟ ಮುಂದುವರಿಸಿದ.

ಮುಂದೆ ಆಗಬೇಕಾದದ್ದೇ ಆಯಿತು. ಅಬೂ ಸೈಫರ ಗೆಳೆಯರ ಎದುರು ಕಮಾರೊ ಕೆಮ್ಮಿತು, ಕಪ್ಪು ಹೊಗೆ ಕಾರಿತು, ಸಿಗ್ನಲ್ ಹಸಿರಾದಾಗ ಹಿಂದಿನವರೆಲ್ಲ ಹಾರ್ನ್ ಹೊಡೆಯುವಂತೆ ನಿಂತುಬಿಟ್ಟಿತು. ಅಬೂ ಸೈಫ್ ಸೀದಾ ಅಬ್ಬಾಸನ ಗೇಟಿಗೆ ಬಂದರು. "ಆ ನಿನ್ನ ತೌಫೀಕ್ ಖಲಾಸ್! ದಿಮಾಗ್ ಮಾಫಿ, ತಲೆಯೇ ಇಲ್ಲ! ತಗೋ, ನೀನೇ ನೋಡು" ಎಂದು ಬೀಗದ ಕೈ ಎಸೆದರು.

ಅಬ್ಬಾಸನಿಗೆ ಹಾಲು ಕುಡಿದಷ್ಟು ಸಂತೋಷ. ಆರುನೂರರದು ತರಿಸಿ, ಕೂರಿಸಿ, ಸ್ಕ್ರೂ ತಿರುಗಿಸಿ ತಿರುಗಿಸಿ, ಗಾಡಿ ಗುರ್ ಎಂದು ಒಂದೇ ಸ್ವರದಲ್ಲಿ ನಿಲ್ಲುವಂತೆ ಮಾಡಿದ. ಒಂದು ಸುತ್ತು ಓಡಿಸಿ ಬಂದ ಅಬೂ ಸೈಫರ ಮುಖ ಅರಳಿತ್ತು.

"ನಾನು ಅವನನ್ನು ಎಲ್ಲರೆದುರು ಚೆನ್ನಾಗಿ ಬೈದೆ," ಎಂದರು ಅವರು, ತಮ್ಮ ಅರಬ್ಬಿ ಬೆರೆತ ಹಿಂದಿಯಲ್ಲಿ. "ನನಗೆ ದೊಡ್ಡದೇ ಬೇಕೆಂದಿದ್ದೆ, ನಿಜ. ನನಗೇನು ಗೊತ್ತು? ಮೆಕ್ಯಾನಿಕ್ ಬೇಡ ಅನ್ನಬೇಕಿತ್ತು. ಅಬ್ಬಾಸನನ್ನು ಒಂದು ಮಾತು ಕೇಳಲಿಲ್ಲವಾ ಅಂತ ಕೇಳಿದೆ. ಇಲ್ಲ ಅಂದ. ತಪ್ಪು ನನ್ನದೇ ಅಂದ."

ಅಬ್ಬಾಸ್ ಕೈ ಒರೆಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟ. ಇಲ್ಲ ಅಂದನೇ? ನನ್ನ ಹೆಸರು ಎತ್ತಲಿಲ್ಲವೇ? ನಾಚಿಕೆ ಆಗಬೇಕಿತ್ತು, ಆಮೇಲೆ ಆಯಿತು ಕೂಡ. ಆದರೆ ಮೊದಲು ಎದ್ದದ್ದು ಅದೇ ಹಳೆಯ ಕಿಚ್ಚು. ಗಿರಾಕಿ ಅವನಿಗೆ, ಕಂಪ್ಯೂಟರ್ ಅವನಿಗೆ, ಈಗ ದೊಡ್ಡ ಮನಸ್ಸೂ ಅವನಿಗೇನಾ? ಇದರಲ್ಲೂ ಅವನೇ ಮೇಲಾಗಬೇಕೇ?

"ಎಂಟುನೂರೈವತ್ತು ಹಾಕು ಅಂತ ಹೇಳಿದ್ದು ನಾನು," ಎಂದುಬಿಟ್ಟ ಅಬ್ಬಾಸ್. "ಅವನು ಕೇಳಿದ್ದ. ನಾನೇ ತಪ್ಪು ಹೇಳಿದೆ. ಬೇಕಂತಲೇ."

ಅಬೂ ಸೈಫ್ ಅವನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು ಅವನ ಹೆಗಲಿಗೆ ಬಾರಿಸಿದರು.

"ಸುಳ್ಳ! ಕಾರ್ಬುರೇಟರ್ ಅಬ್ಬಾಸ್ ಸೈಜು ತಪ್ಪು ಹೇಳುತ್ತಾನಾ? ತಂಗಿಯ ಗಂಡನನ್ನು ಉಳಿಸೋಕೆ ನನ್ನ ಹತ್ತಿರ ನಾಟಕ ಆಡ್ತೀಯಾ? ಒಳ್ಳೆಯ ಮನುಷ್ಯ ನೀನು, ವಲ್ಲಾಹಿ ಒಳ್ಳೆಯ ಮನುಷ್ಯ."

"ಇಲ್ಲ, ನಿಜವಾಗಿಯೂ..."

"ಖಲಾಸ್, ಖಲಾಸ್," ಎನ್ನುತ್ತ ಅವರು ಗಾಡಿ ಹತ್ತಿದರು. ಸಂಜೆಯೊಳಗೆ ಆ ಸಾಲಿನ ಗ್ಯಾರೇಜುಗಳಿಗೆಲ್ಲ ಅಬ್ಬಾಸನ ದೊಡ್ಡ ಮನಸ್ಸಿನ ಸುದ್ದಿ ಮುಟ್ಟಿತು. ಜೊತೆಗೆ ತೌಫೀಕನಿಗೆ ಕಾರ್ಬುರೇಟರ್ ಗೊತ್ತಿಲ್ಲ ಎನ್ನುವ ಸುದ್ದಿಯೂ.

ಮುಂದಿನ ಶುಕ್ರವಾರ ತೌಫೀಕ್ ಬರಲಿಕ್ಕಿಲ್ಲ ಎಂದುಕೊಂಡಿದ್ದ ಅಬ್ಬಾಸ್. ಬಂದ. ನಾಫಿಯಾ ಅತ್ತಿಗೆಯ ಜೊತೆ ಅಡುಗೆಮನೆ ಸೇರಿದಳು. ಚಾಪೆಯ ಮೇಲೆ ಇಬ್ಬರೇ.

"ನೀವು ಅಬೂ ಸೈಫರಿಗೆ ನಿಜ ಹೇಳಿದಿರಂತೆ," ಎಂದ ತೌಫೀಕ್.

"ಹೇಳಿದೆ. ನಂಬಲಿಲ್ಲ." ಅಬ್ಬಾಸ್ ಚಾಪೆ ನೋಡುತ್ತ ಕೇಳಿದ, "ನೀನ್ಯಾಕೆ ನನ್ನ ಹೆಸರು ಹೇಳಲಿಲ್ಲ ಮಾರಾಯ? ಅಷ್ಟು ಜನರೆದುರು ಬೈಸಿಕೊಂಡದ್ದು ಯಾಕೆ?"

ತೌಫೀಕ್ ನಕ್ಕ. ಅದು ಸಂತೋಷದ ನಗೆಯಲ್ಲ. "ಹೇಳಿ ಎಂತ ಪ್ರಯೋಜನ ಅಬ್ಬಾಸಾಕ? ನೀವೇ ಹೇಳಿದ್ರೂ ನಂಬದವರು, ನಾನು ಹೇಳಿದ್ರೆ ನಂಬ್ತಿದ್ರಾ? ಹನ್ನೊಂದು ವರ್ಷ ಆಯ್ತು ನಾನು ಈ ರಸ್ತೆಗೆ ಬಂದು. ಈಗಲೂ ನನ್ನನ್ನು ಕರೆಯುವುದು ಅಬ್ಬಾಸನ ಪುದಿಯಾಪ್ಲ ಅಂತ. ಒಂದು ದಿನ ಕಮಾರೊ ನನ್ನ ಅಂಗಳದಲ್ಲಿ ನಿಂತಾಗ, ಇನ್ನಾದರೂ ತೌಫೀಕ್ ಅಂತ ಕರೀಬಹುದು ಅಂದ್ಕೊಂಡಿದ್ದೆ. ಆ ಹೊಟ್ಟೆಕಿಚ್ಚಿಗೇ ಗಾಡಿಯನ್ನು ನಿಮ್ಮ ಗೇಟಿಗೆ ಕಳಿಸದೆ ಇಟ್ಟುಕೊಂಡದ್ದು."

ಅಬ್ಬಾಸ್ ತಲೆಯೆತ್ತಿ ಅವನನ್ನು ನೋಡಿದ. ಯಾರನ್ನು ನೋಡಿ ತಾನು ಉರಿದನೋ ಅವನು ತನ್ನನ್ನು ನೋಡಿ ಉರಿಯುತ್ತಿದ್ದ, ಅದೂ ತನಗಿಂತ ಎಷ್ಟೋ ಮೊದಲಿಂದ.

ಬೀಫಾತಿಮ ಬಿರಿಯಾನಿ ತಂದು ಎಂದಿನಂತೆ ತಾನೇ ಸೌಟು ಎತ್ತಿದಳು. ಅಬ್ಬಾಸ್ ಕೈಚಾಚಿದ.

"ಬೆನ್ನು ನೋವು ಹೋಯ್ತಾ?" ಎಂದಳು ಅವಳು.

"ಇಲ್ಲ," ಎಂದ ಅಬ್ಬಾಸ್. ಸೌಟು ತೆಗೆದುಕೊಂಡು ಎದ್ದುನಿಂತು, ಪಾತ್ರೆಯಲ್ಲಿ ಒಳ್ಳೆಯ ತುಂಡು ಹುಡುಕತೊಡಗಿದ. "ನೀನು ಕೂತೇ ಇರು ತೌಫೀಕ್. ನಾಳೆ ಎಂಟು ಗಂಟೆಗೆ ನನ್ನ ಗ್ಯಾರೇಜಿಗೆ ಬಾ. ಸೈಜು ಹೇಗೆ ಲೆಕ್ಕ ಹಾಕುವುದು ಅಂತ ಹೇಳಿಕೊಡ್ತೇನೆ."