ನನ್ನ ಮೈನಸ್‌ಗೂ ಕ್ಯಾರಿ ಓವರ್

ಗೆಳೆಯರೇ, ಕುವೈತಿನ ಅಬ್ಬಾಸಿಯಾದ ನಮ್ಮ ರೂಮಿನಲ್ಲಿ ಇವತ್ತು ಬಿರಿಯಾನಿ. ತರಿಸಿದವರು ರೂಮ್‌ಮೇಟ್ ಸದಾನಂದಣ್ಣ. ನಾನು ಕೊಟ್ಟ ಲಿಂಕಿನಿಂದ ಆನ್‌ಲೈನ್ ಕ್ಯಾಸಿನೊ ಸೇರಿದ ಏಕೈಕ ಗಿರಾಕಿ. ಅವರು ಸೋತರೆ ಅದರಲ್ಲಿ ನನಗೆ ಕಮಿಷನ್, ಗೆದ್ದರೆ ಅದೇ ಲೆಕ್ಕದಲ್ಲಿ ನನ್ನ ಖಾತೆಯಿಂದ ಕಡಿತ. ಕಳೆದ ವಾರ ಅವರು ಗೆದ್ದೇಬಿಟ್ಟರು! ನನ್ನ ಖಾತೆ ಮುನ್ನೂರು ಡಾಲರ್ ಮೈನಸ್.

ಕ್ಯಾಸಿನೊದವರ ಕಮಿಷನ್ ಷರತ್ತುಗಳಲ್ಲಿ ‘ಕ್ಯಾರಿ ಓವರ್’ ಅಂತ ಓದಿದಾಗ, ಕಂಪೆನಿಯಲ್ಲಿ ಉಳಿದ ರಜೆ ಮುಂದಿನ ವರ್ಷಕ್ಕೆ ಹೋಗುತ್ತದಲ್ಲ, ಹಾಗೇ ಏನೋ ಒಳ್ಳೆಯದು ಎಂದುಕೊಂಡಿದ್ದೆ. ಇವತ್ತು ಒಂದನೇ ತಾರೀಕು, ನೋಡಿದರೆ ಹೊಸ ತಿಂಗಳಿಗೆ ಬಂದಿರುವುದು ಅದೇ ಮೈನಸ್! ಅದು ತೀರುವಷ್ಟು ಅಣ್ಣ ಸೋಲುವವರೆಗೆ ನನಗೆ ಚಿಕ್ಕಾಸೂ ಇಲ್ಲ.

“ಅಣ್ಣಾ, ಇನ್ನೊಂದು ಸಲ ಆಡಿ,” ಎಂದೆ.

“ಖಲಾಸ್ ಮಾರಾಯ! ಇನ್ನು ಮುಟ್ಟುದಿಲ್ಲ ಅಂತ ಹೆಂಡ್ತಿಗೆ ಫೋನಲ್ಲಿ ಆಣೆ ಹಾಕಿದ್ದೇನೆ.”

“ಒಂದೇ ಸಲ ಅಣ್ಣಾ. ಸ್ವಲ್ಪ ಸೋತ್ರೆ ಸಾಕು.”

“ಎಂಥದಾ? ನನ್ನ ಬಿರಿಯಾನಿ ತಿಂದು ನನಗೇ ಶಾಪ ಹಾಕ್ತೀಯಾ?” ಎಂದವರೇ ನನ್ನ ಪ್ಲೇಟಿನಿಂದ ಲೆಗ್ ಪೀಸ್ ಎತ್ತಿಕೊಂಡರು.

ಒಬ್ಬ ಮನುಷ್ಯ ಜೂಜು ಬಿಟ್ಟನಲ್ಲಾ ಎಂದು ಇಡೀ ಕುವೈತಿನಲ್ಲಿ ದುಃಖಪಡುತ್ತಿರುವವನು ಬಹುಶಃ ನಾನೊಬ್ಬನೇ.